ನಿಮಗಿದು ಗೊತ್ತೇ? ಕೆ2 ಸಾಹೇಬರ ಬಸವನಹುಳುಗಳು

ಜಗತ್ತಿನ ಎರಡನೇ ಅತಿ ಎತ್ತರದ ಶಿಖರ ಕೆ2ಗೆ ಹಳೆಯ ಭೂಪಟಗಳಲ್ಲಿ ಗಾಡ್ವಿನ್ ಆಸ್ಟನ್ ಎಂಬ ಹೆಸರೂ ಇತ್ತು. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಆ ಹೆಸರಿನ ಹಿಂದಿನ ಬ್ರಿಟಿಷ್ ಸರ್ವೇಯರ್ ಹೆನ್ರಿ ಗಾಡ್ವಿನ್ ಆಸ್ಟನ್ (1834–1923) ಜೀವ ತೇಯ್ದದ್ದು ಹಕ್ಕಿಗಳಿಗಾಗಿ, ಅದಕ್ಕಿಂತ ಹೆಚ್ಚಾಗಿ ಬಸವನಹುಳುಗಳಿಗಾಗಿ!

ಓದಿದ್ದು ಸ್ಯಾಂಡ್‌ಹರ್ಸ್ಟ್‌ನ ಸೈನಿಕ ಶಾಲೆಯಲ್ಲಿ. ಸಂಬಳ ಬರುತ್ತಿದ್ದುದು ಸರ್ವೆ ಕೆಲಸಕ್ಕೆ. ಜೀವಿಗಳ ಅಧ್ಯಯನ ಬರೀ ಆಸಕ್ತಿಯಿಂದ.

ನಕ್ಷೆ ತಯಾರಿಸಲು ಅವರು ಖಾಸಿ, ಗಾರೋ, ನಾಗಾ ಬೆಟ್ಟಗಳನ್ನೆಲ್ಲ ಹತ್ತಿದರು. ಖಾಸಿ ಬೆಟ್ಟದಲ್ಲಿ ಸುಣ್ಣಕಲ್ಲು ಹೇರಳ, ಮಳೆಯೋ ವಿಪರೀತ. ಚಿಪ್ಪು ಕಟ್ಟಲು ಸುಣ್ಣ, ಮೈ ಒಣಗದಿರಲು ತೇವ. ಬಸವನಹುಳುವಿಗೆ ಇನ್ನೇನು ಬೇಕು? ಡಿಪ್ಲೊಮ್ಯಾಟಿನಾ ಕುಲದಲ್ಲಿ ಅವರು ಹೆಸರಿಟ್ಟ ಜಾತಿಗಳ ಚಿಪ್ಪು ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ತರಗೆಲೆಗಳ ನಡುವೆ ಅದನ್ನು ಗುರುತಿಸಲು ಎಂಥ ಕಣ್ಣು ಬೇಕು!

ಹಕ್ಕಿಗಳಲ್ಲೂ ಅವರ ಗುರುತಿದೆ. ನಾಗಾ ರೆನ್-ಬ್ಯಾಬ್ಲರ್ ಅನ್ನು 1875ರಲ್ಲಿ ಪಕ್ಷಿತಜ್ಞ ವಾಲ್ಡನ್ ಜೊತೆ ಸೇರಿ ವಿಜ್ಞಾನಕ್ಕೆ ಪರಿಚಯಿಸಿದರು. ಈಶಾನ್ಯದ ಕಾಡಿನ ಒಂದು ಕಂದು ಮಂಗಟ್ಟೆಗೆ ಇವರದೇ ಹೆಸರು.

ಅವರ ನಿಜವಾದ ಹೆಚ್ಚುಗಾರಿಕೆ ಬೇರೆಯೇ. ಆ ಕಾಲದ ಸಂಗ್ರಾಹಕರಲ್ಲಿ ಬಹಳಷ್ಟು ಮಂದಿ ಖಾಲಿ ಚಿಪ್ಪಿನ ಆಕಾರ ನೋಡಿಯೇ ಜಾತಿ ತೀರ್ಮಾನಿಸುತ್ತಿದ್ದರು. ಇವರು ಒಳಗಿನ ಜೀವಿಯನ್ನೇ ಬಿಡಿಸಿ ನೋಡಿದರು. ದವಡೆ, ಸಂತಾನಾಂಗ, ರಿಬ್ಬನ್ನಿನಂಥ ನಾಲಿಗೆಯ ಮೇಲೆ ಸಾಲುಸಾಲಾಗಿ ಕೂತ ಸೂಕ್ಷ್ಮ ಹಲ್ಲುಗಳು, ಎಲ್ಲವನ್ನೂ ಪರೀಕ್ಷಿಸಿದರು. ಹೊರಗೆ ಒಂದೇ ಥರ ಕಾಣುವ ಚಿಪ್ಪುಗಳೊಳಗೆ ಬೇರೆ ಬೇರೆ ಕುಲದ ಜೀವಿಗಳಿರಬಹುದು ಎಂಬುದು ಹೀಗೆ ನೋಡಿದರಷ್ಟೇ ತಿಳಿಯುತ್ತದೆ.

1877ರಲ್ಲಿ ಆರೋಗ್ಯ ಕೆಟ್ಟು ನಿವೃತ್ತಿ. 1880ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಭಾರತದ ನೆಲ ಮತ್ತು ಸಿಹಿನೀರಿನ ಮೃದ್ವಂಗಿಗಳ ಕುರಿತ ಅವರ ಗ್ರಂಥ 1882ರಲ್ಲಿ ಶುರುವಾಗಿ ಕಂತುಕಂತಾಗಿ 1920ರವರೆಗೂ ಅಚ್ಚಾಯಿತು. ಆಗ ಅವರಿಗೆ 85 ದಾಟಿತ್ತು!

ಬೌದ್ಧ ಧರ್ಮದತ್ತ ಒಲಿದು ಇಂಗ್ಲೆಂಡಿನ ತಮ್ಮ ಮನೆಯ ಆವರಣದಲ್ಲಿ ಬೌದ್ಧ ಗುಡಿಯನ್ನೂ ಕಟ್ಟಿಸಿದ್ದರು.

ಕೆ2ಗೆ ಇವರ ಹೆಸರು ಅಧಿಕೃತವಾಗಲಿಲ್ಲ. ಅದರ ಬುಡದ ಹಿಮನದಿಗೆ ಮಾತ್ರ ಉಳಿದಿದೆ.

ನಮ್ಮ ಪಶ್ಚಿಮ ಘಟ್ಟಕ್ಕೂ ಅವರ ನಂಟುಂಟು. ಇಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಿಗದ, ಕೆಂಪು ಮೈಯ ಚೆಲುವಾದ ಬಸವನಹುಳು ಇಂಡ್ರೆಲ್ಲಾ ಆಂಪುಲ್ಲಾ. 1850ರಲ್ಲಿ ಅದನ್ನು ಮೊದಲು ವಿವರಿಸಿದ ಬೆನ್ಸನ್ ಕೂಡ ವೃತ್ತಿಯಿಂದ ಸರ್ಕಾರಿ ಅಧಿಕಾರಿ. ಅದಕ್ಕೆ ಇಂಡ್ರೆಲ್ಲಾ ಎಂಬ ಪ್ರತ್ಯೇಕ ಕುಲ ಕೊಟ್ಟವರು ಗಾಡ್ವಿನ್ ಆಸ್ಟನ್, 1901ರಲ್ಲಿ.