ಶೇಂಗಾ ವಹಿವಾಟು ಮತ್ತು ಯಕೃತ್ತಿನ ಆರೋಗ್ಯ

ಮಳೆಯನ್ನೇ ಆಶ್ರಯಿಸಿದ ಚಿತ್ರದುರ್ಗ ಜಿಲ್ಲೆಯ ಒಣಭೂಮಿಗೆ ಶೇಂಗಾ ಪ್ರಮುಖ ವಾಣಿಜ್ಯ ಬೆಳೆ. ಚಳ್ಳಕೆರೆಗೆ ಎಣ್ಣೆನಗರಿಯೆಂಬ ಹೆಸರು ಬಂದದ್ದೂ ಈ ಕಾಳಿನಿಂದಲೇ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂತಹ ಹೋಬಳಿ ಕೇಂದ್ರದ ವರ್ತಕರಿಂದ ಹಿಡಿದು ದೊಡ್ಡ ಗಿರಣಿಗಳ ಮಾಲೀಕರವರೆಗೆ, ಶೇಂಗಾ ವಹಿವಾಟಿನಲ್ಲಿ ತೊಡಗಿದವರೆಲ್ಲರೂ ಅರಿಯಬೇಕಾದ ವಿಷವೊಂದಿದೆ. ಅದೇ ಅಫ್ಲಾಟಾಕ್ಸಿನ್.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಈ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ಸೇವಿಸಿದ 397 ಮಂದಿ ಕಾಮಾಲೆಗೆ ತುತ್ತಾಗಿ, 106 ಮಂದಿ ಮೃತಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದರ ಕಾರಣವನ್ನು ಪತ್ತೆಹಚ್ಚಿದರು.

ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ದೇಹ ಸೇರಿದರೆ ಈ ವಿಷವು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹೆಪಟೈಟಿಸ್-ಬಿ ಸೋಂಕು ಜೊತೆಗೂಡಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಶಾಂಘೈ ನಗರದ 18,000ಕ್ಕೂ ಹೆಚ್ಚು ಪುರುಷರನ್ನು ಕುರಿತು 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಫ್ಲಾಟಾಕ್ಸಿನ್ ಒಂದರಿಂದಲೇ ಅಪಾಯ ಸುಮಾರು 3 ಪಟ್ಟು, ವೈರಾಣುವೊಂದರಿಂದಲೇ 7 ಪಟ್ಟು, ಎರಡೂ ಸೇರಿದಾಗ ಸುಮಾರು 59 ಪಟ್ಟು ಅಧಿಕವಾಗಿತ್ತು. ವೈರಾಣುವಿಗೆ ಲಸಿಕೆಯಿದ್ದು, 2011ರಿಂದ ದೇಶದಾದ್ಯಂತ ಶಿಶುಗಳ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಬೂಷ್ಟಿಗೆ ಲಸಿಕೆಯಿಲ್ಲ; ಅದನ್ನು ತಡೆಯುವ ಹೊಣೆ ಹೊಲ, ಕಣ, ಗೋದಾಮುಗಳದ್ದು.

ಬೆಳೆಯ ಕೊನೆಯ ದಿನಗಳಲ್ಲಿ ಮಳೆ ಕೈಕೊಟ್ಟು ಭೂಮಿ ಬಿಸಿಯಾದಾಗ ಶಿಲೀಂಧ್ರವು ಹೊಲದಲ್ಲಿಯೇ ಕಾಯಿಗೆ ತಗುಲುತ್ತದೆ. ಕಿತ್ತ ಬಳಿಕ ಸರಿಯಾಗಿ ಒಣಗಿಸದಿದ್ದರೆ ಅದು ಗೋಣಿಚೀಲದೊಳಗೆ ಬೆಳೆಯುತ್ತದೆ. ಆದ್ದರಿಂದ ಕಾಯಿಯ ತೇವಾಂಶವನ್ನು ಶೇ. 8ರ ಆಸುಪಾಸಿಗೆ ಇಳಿಸುವುದು, ಚೀಲಗಳನ್ನು ಹಲಗೆಯ ಮೇಲೆ ಜೋಡಿಸುವುದು, ಒಡೆದ, ಮುರುಟಿದ, ಬಣ್ಣಗೆಟ್ಟ ಕಾಳನ್ನು ಬೇರ್ಪಡಿಸುವುದು ಅವಶ್ಯಕ. ಸಿಪ್ಪೆ ಸುಲಿಯುವ ಮುನ್ನ ಅಥವಾ ತೂಕ ಹೆಚ್ಚಿಸಲು ಕಾಯಿಗೆ ನೀರು ಚಿಮುಕಿಸುವ ರೂಢಿ ಅತ್ಯಂತ ಅಪಾಯಕಾರಿ. ಹುರಿದರೂ ಬೇಯಿಸಿದರೂ ವಿಷ ಪೂರ್ಣವಾಗಿ ನಾಶವಾಗುವುದಿಲ್ಲ.

ಬೇರ್ಪಡಿಸಿದ ಕೆಟ್ಟ ಕಾಳನ್ನು ಗಿರಣಿಗೆ ಸಾಗಿಸುವುದೂ ಪರಿಹಾರವಲ್ಲ. ಎಣ್ಣೆ ತೆಗೆದಾಗ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದೇ ವಿಷ ರೂಪಾಂತರ ಹೊಂದಿ ಕಾಣಿಸಿಕೊಂಡು, ಮಕ್ಕಳ ಲೋಟವನ್ನು ಸೇರುತ್ತದೆ.

ನೇರ ಸೇವನೆಯ ಶೇಂಗಾದಲ್ಲಿ ಕಿಲೋಗೆ 4 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಬಾರದೆಂಬುದು ಐರೋಪ್ಯ ಒಕ್ಕೂಟದ ನಿಯಮ. ಮಿತಿ ಮೀರಿದ ಸರಕು ಬಂದರಿನಿಂದಲೇ ಹಿಂದಿರುಗುತ್ತದೆ. ಸ್ಥಳೀಯ ಸಂತೆಯಲ್ಲಿ ಮಾರುವ ಕಾಳಿಗೆ ಅಂತಹ ತಡೆಗೋಡೆ ವಿರಳ. ಹೊರದೇಶದ ಗ್ರಾಹಕನಿಗೆ ದೊರೆಯುವ ಎಚ್ಚರಿಕೆ ನಮ್ಮೂರಿನ ಗ್ರಾಹಕನಿಗೂ ದೊರೆಯಬೇಕು. ಒಣಗಿದ, ಶುದ್ಧವಾದ ಕಾಯಿಗೆ ವರ್ತಕರು ಹೆಚ್ಚು ಬೆಲೆ ನೀಡಿದರೆ, ರೈತರು ಎರಡು ದಿನ ಹೆಚ್ಚು ಬಿಸಿಲಿಗೆ ಹಾಕಲು ಖಂಡಿತವಾಗಿಯೂ ಹಿಂಜರಿಯಲಾರರು.