ಒಮ್ಮೆ ಮಾತ್ರ ಬಂದ ಪದದ ಅರ್ಥವೇನು?

ಪ್ರಾಚೀನ ಗ್ರಂಥವೊಂದರಲ್ಲಿ ಒಂದು ಪದ ಒಂದೇ ಒಂದು ಸಲ ಬಂದಿದೆ ಎಂದಿಟ್ಟುಕೊಳ್ಳಿ. ಅದನ್ನು ಆಡುತ್ತಿದ್ದ ಜನ ಇಂದಿಲ್ಲ. ಅದರ ಅರ್ಥವನ್ನು ಕಂಡುಹಿಡಿಯುವುದು ಹೇಗೆ? ಹೀಬ್ರೂ ಬೈಬಲಿನಲ್ಲಿ ಇಂತಹ ಪದಗಳು ಸಾವಿರಕ್ಕೂ ಹೆಚ್ಚಿವೆ. ಬಹುಪಾಲು ಪದಗಳಿಗೆ ಅದೇ ಧಾತುವಿನ ಬೇರೆ ರೂಪಗಳು ಸಿಗುತ್ತವೆ. ಅಂತಹ ನಂಟೂ ಇಲ್ಲದ ಕೆಲವು ನೂರು ಪದಗಳೇ ನಿಜವಾದ ಒಗಟು.

ಈ ಒಗಟು ನಮ್ಮ ಸೀಮೆಗೂ ಬಂದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ತೊಡಗಿದರು. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು.

ಒಂದು ಉದಾಹರಣೆಯನ್ನು ನೋಡೋಣ. ಸಮುವೇಲನ ಮೊದಲ ಗ್ರಂಥದ 13ನೆಯ ಅಧ್ಯಾಯದಲ್ಲಿ ರೈತರು ನೇಗಿಲ ಕುಳವನ್ನು ಹರಿತ ಮಾಡಿಸಲು ಕಮ್ಮಾರರ ಬಳಿಗೆ ಹೋಗುತ್ತಾರೆ. ಅಲ್ಲಿ 'ಪೀಮ್' ಎಂಬ ಪದವಿದೆ. 1611ರ ಇಂಗ್ಲಿಷ್ ಅನುವಾದಕರು ಅದನ್ನು 'ಅರ' ಎಂದು ಊಹಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾಲೆಸ್ಟೈನಿನ ನೆಲದಲ್ಲಿ ಅದೇ ಪದವನ್ನು ಕೆತ್ತಿದ ಸಣ್ಣ ತೂಕದ ಕಲ್ಲುಗಳು ದೊರೆತವು. ತೂಕ ಸುಮಾರು 7.8 ಗ್ರಾಂ. ಪೀಮ್ ಎಂದರೆ ಉಪಕರಣವಲ್ಲ, ಕಮ್ಮಾರನಿಗೆ ತೂಗಿ ಕೊಡುವ ಬೆಳ್ಳಿಯ ಕೂಲಿ ಎಂಬುದು ಆಗ ಸ್ಪಷ್ಟವಾಯಿತು.

ಹೀಗೆ ಅರ್ಥಕ್ಕೆ ಮೂರು ದಾರಿಗಳಿವೆ: ವಾಕ್ಯದ ಸಂದರ್ಭ, ಅರಬ್ಬಿ, ಅಕ್ಕಾಡಿಯನ್‌ನಂತಹ ಸೋದರ ಭಾಷೆಗಳು, ನೆಲದಲ್ಲಿ ಸಿಕ್ಕ ವಸ್ತು. ಕನ್ನಡ ಶಾಸನಗಳನ್ನು ಓದುವವರ ಮಾರ್ಗವೂ ಇದೇ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಮತ್ತರ್' ಎಂಬ ಭೂಮಿಯ ಅಳತೆ ಮತ್ತೆ ಮತ್ತೆ ಬರುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಆ ಕಾಲದ ಹಲವು ಶಾಸನಗಳಿವೆ. ಆ ಪದ ಮಾತಿನಿಂದ ಮರೆಯಾದರೂ ದಾನಶಾಸನಗಳನ್ನು ಹೋಲಿಸಿ ಅರ್ಥವನ್ನು ಹಿಡಿಯಬಹುದು. ಒಮ್ಮೆ ಮಾತ್ರ ಬಂದ ಪದಕ್ಕೆ ಆ ಭಾಗ್ಯವಿಲ್ಲ.

ಒಮ್ಮೆಯೂ ಬರೆಯದ ಪದದ ಗತಿಯೇನು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೊಲಗಳಿಗೆ ಟ್ರ್ಯಾಕ್ಟರ್ ಬಂದಿದೆ. ನೇಗಿಲು, ಕುಂಟೆ, ಕೂರಿಗೆಗಳ ಒಂದೊಂದು ಭಾಗಕ್ಕೂ ಇದ್ದ ಹೆಸರುಗಳು ಹಿರಿಯರ ನಾಲಗೆಯ ಮೇಲಷ್ಟೇ ಉಳಿದಿವೆ. ಕೊಳಗದಲ್ಲಿ ಅಳೆದವರೂ ವಿರಳರಾಗುತ್ತಿದ್ದಾರೆ. ಅಂತಹ ಪದವೊಂದನ್ನು ಕೇಳಿದಾಗ ಪದ, ಅದು ಬಂದ ವಾಕ್ಯ, ವಸ್ತುವಿನ ಚಿತ್ರ, ಊರಿನ ಹೆಸರು, ಇಷ್ಟನ್ನು ಬರೆದಿಡಿ. ಪೀಮ್‌ನ ಅರ್ಥಕ್ಕಾಗಿ ಲೋಕ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ನಮ್ಮ ಪದಗಳ ಅರ್ಥ ಹೇಳುವವರು ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ.