ಬಣ್ಣ ಬಾರದ ನೀರು ಹೇಳುವ ಸುಳ್ಳು

ಈಜುಕೊಳದ ನೀರನ್ನು ಹತ್ತು ಮಿಲಿಲೀಟರ್ ಹಿಡಿಯುವ ಗಾಜಿನ ನಳಿಗೆಗೆ ತುಂಬಿ ಒಂದು ಬಿಳಿ ಗುಳಿಗೆ ಕರಗಿಸಿದರೆ ನೀರು ಗುಲಾಬಿಗೆ ತಿರುಗುತ್ತದೆ. ಕ್ಲೋರಿನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಪೆಟ್ಟಿಗೆಯ ಜೊತೆ ಬಂದ ಬಣ್ಣದ ಪಟ್ಟಿಯ ಪಕ್ಕ ಹಿಡಿದು ಹೋಲಿಸಿದರೆ ಅಂಕಿ ಸಿಕ್ಕಿತು. ಮಕ್ಕಳೂ ಮಾಡಬಹುದಾದ ಕೆಲಸ. ಆದರೆ ಒಮ್ಮೊಮ್ಮೆ ಗುಳಿಗೆ ಬಿದ್ದ ಕ್ಷಣ ಕೆಂಪು ಮಿಂಚಿದಂತಾಗಿ, ಮರುಗಳಿಗೆಯಲ್ಲೇ ನೀರು ಮೊದಲಿನಂತೆ ತಿಳಿಯಾಗಿಬಿಡುತ್ತದೆ. ಬಣ್ಣ ಇಲ್ಲವೆಂದರೆ ಕ್ಲೋರಿನ್ ಇಲ್ಲ ಎಂದು ಲೆಕ್ಕ ಹಾಕಿ ಕೊಳ ನೋಡಿಕೊಳ್ಳುವವರು ಇನ್ನಷ್ಟು ಪುಡಿ ಸುರಿಯುತ್ತಾರೆ. ಆ ನೀರಿನಲ್ಲಿ ಆಗಲೇ ಬೇಕಾದ್ದಕ್ಕಿಂತ ಹತ್ತಿಪ್ಪತ್ತು ಪಟ್ಟು ಕ್ಲೋರಿನ್ ಇರುತ್ತದೆ.

ಗುಳಿಗೆಯೊಳಗಿನ ರಾಸಾಯನಿಕಕ್ಕೆ ಡಿಪಿಡಿ ಎಂಬ ಚಿಕ್ಕ ಹೆಸರಿದೆ; ಪೂರ್ತಿ ಹೆಸರು ಡೈಈಥೈಲ್ ಪ್ಯಾರಾ ಫೀನೈಲೀನ್ ಡೈಅಮೈನ್. ಕ್ಲೋರಿನ್ ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡರೆ ಗುಲಾಬಿ ಬಣ್ಣದ ವಸ್ತು ಹುಟ್ಟುತ್ತದೆ. ಇನ್ನೊಂದು ಎಲೆಕ್ಟ್ರಾನನ್ನೂ ಕಿತ್ತುಕೊಂಡರೆ ಬಣ್ಣವೇ ಇಲ್ಲದ ಬೇರೆ ವಸ್ತು. ಕ್ಲೋರಿನ್ ಮಿತಿಯಲ್ಲಿದ್ದಾಗ ಕ್ರಿಯೆ ಮೊದಲ ಹಂತದಲ್ಲೇ ನಿಲ್ಲುತ್ತದೆ. ಅತಿಯಾದಾಗ ಎರಡನೆಯ ಹಂತಕ್ಕೆ ಹಾರುತ್ತದೆ. ಅಂದರೆ ತಿಳಿ ನೀರಿಗೆ ಎರಡು ಅರ್ಥ: ಒಂದೋ ಕ್ಲೋರಿನ್ ಸೊನ್ನೆ, ಇಲ್ಲವೇ ವಿಪರೀತ. ಅನುಮಾನ ಬಂದರೆ ಪರಿಹಾರ ಸುಲಭ. ಕೊಳದ ನೀರು ಒಂದು ಪಾಲು, ಡಿಸ್ಟಿಲ್ಡ್ ನೀರು ನಾಲ್ಕು ಪಾಲು ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು. ನಲ್ಲಿಯ ನೀರು ಬೆರೆಸಬಾರದು. ಅದರಲ್ಲೇ ಕ್ಲೋರಿನ್ ಇರುತ್ತದೆ.

ಈ ವಿಧಾನವನ್ನು 1957ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ನ್ಯೂಕಾಸಲ್ ಪ್ರದೇಶದ ನೀರು ಸರಬರಾಜು ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಎ. ಟಿ. ಪಾಲಿನ್. ಅದಕ್ಕೂ ಮುಂಚೆ ಎಲ್ಲೆಡೆ ನಡೆಯುತ್ತಿದ್ದುದು ಆರ್ಥೊಟೊಲಿಡಿನ್ ಪರೀಕ್ಷೆ: ಒಂದೆರಡು ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು, ನೀರುಗಂಟಿಗಳು ಕುಡಿಯುವ ನೀರಿಗೆ ಬಳಸುತ್ತ ಬಂದ ಕ್ಲೋರೋಸ್ಕೋಪ್ ಪೆಟ್ಟಿಗೆಯಲ್ಲಿರುವುದೂ ಇದೇ. ಭಾರತೀಯ ಮಾನಕದ ಪ್ರಕಾರ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು; ಅದನ್ನು ನೋಡಲು ಈ ಹಳದಿ ಸಾಕು. ಈಜುಕೊಳಕ್ಕೆ ಸಾಲದು. ಹನಿ ಹಾಕಿ ಹತ್ತು ಸೆಕೆಂಡಿನೊಳಗೆ ಓದಿದರೆ ಒಂದು ಬಗೆಯ ಕ್ಲೋರಿನ್, ಕಾಲು ಗಂಟೆ ಬಿಟ್ಟು ಓದಿದರೆ ಎರಡೂ ಬಗೆಯದು ಸೇರಿ ಬರುತ್ತದೆ, ನಡುವೆ ಓದಿದರೆ ಯಾವುದೂ ಅಲ್ಲ. ಮೇಲಾಗಿ ಆರ್ಥೊಟೊಲಿಡಿನ್ ಕ್ಯಾನ್ಸರ್‌ಕಾರಕವೆಂಬ ಶಂಕೆಯೂ ಇದೆ. ಅಗ್ಗವೆಂಬ ಒಂದೇ ಕಾರಣಕ್ಕೆ ಮನೆಕೊಳದ ಕಿಟ್‌ಗಳಲ್ಲಿ ಈಗಲೂ ಉಳಿದುಕೊಂಡಿದೆ. ಕೊಳ್ಳುವಾಗ ಹಳದಿ ಪಟ್ಟಿಯ ಪೆಟ್ಟಿಗೆ ಕಂಡರೆ ಬಿಟ್ಟು ಗುಲಾಬಿಯದನ್ನೇ ಕೇಳುವುದು ಮೇಲು.

ಎರಡು ಬಗೆ ಎಂದೆನಲ್ಲ. ನೀರಿಗೆ ಬಿದ್ದ ಕ್ಲೋರಿನ್ ಇನ್ನೂ ಯಾವುದರ ಮೇಲೂ ಖರ್ಚಾಗದೆ ಉಳಿದಿದ್ದರೆ ಅದು ಮುಕ್ತ ಕ್ಲೋರಿನ್. ಈಜುವವರ ಬೆವರು, ಮೂತ್ರದಲ್ಲಿನ ಸಾರಜನಕದ ಸಂಯುಕ್ತಗಳ ಜೊತೆ ಕೂಡಿಕೊಂಡಿದ್ದರೆ ಅದು ಬಂಧಿತ ಕ್ಲೋರಿನ್, ಅರ್ಥಾತ್ ಕ್ಲೋರಮೈನ್. ಮೊದಲನೆಯದು ರೋಗಾಣುಗಳನ್ನು ಚುರುಕಾಗಿ ಕೊಲ್ಲುತ್ತದೆ. ಎರಡನೆಯದಕ್ಕೆ ಆ ಚುರುಕಿಲ್ಲ, ಕಣ್ಣು ಕೆಂಪು ಮಾಡುವುದರಲ್ಲಿ ಮಾತ್ರ ಮುಂದು. ಕೊಳದ ಬಳಿ ಮೂಗಿಗೆ ಅಡರುವ ಘಾಟನ್ನು ಕ್ಲೋರಿನ್ ವಾಸನೆ ಎನ್ನುತ್ತೇವಲ್ಲ, ಅದು ಬಹುಪಾಲು ಕ್ಲೋರಮೈನಿನದು. ಘಾಟು ಹೆಚ್ಚಿದ ಕೊಳದಲ್ಲಿ ಬೇಕಾದ ಕ್ಲೋರಿನ್ ಕಡಿಮೆಯೇ ಇರುವ ಸಾಧ್ಯತೆ ಹೆಚ್ಚು. ಪಾಲಿನ್ ವಿಧಾನದ ಸೊಗಸು ಇಲ್ಲಿದೆ. ಒಂದನೆಯ ನಂಬರಿನ ಗುಳಿಗೆ ಮುಕ್ತ ಕ್ಲೋರಿನ್ನನ್ನು ತೋರಿಸುತ್ತದೆ. ಅದೇ ನೀರಿಗೆ ಪೊಟ್ಯಾಸಿಯಂ ಅಯೊಡೈಡ್ ಇರುವ ಮೂರನೆಯ ನಂಬರಿನ ಗುಳಿಗೆ ಹಾಕಿದರೆ ಕ್ಲೋರಮೈನ್ ಅಯೊಡೈಡನ್ನು ಅಯೋಡಿನ್ನಾಗಿಸುತ್ತದೆ, ಆ ಅಯೋಡಿನ್ ಡಿಪಿಡಿಗೆ ಬಣ್ಣ ಹಚ್ಚುತ್ತದೆ; ಈಗ ಸಿಕ್ಕಿದ್ದು ಒಟ್ಟು ಕ್ಲೋರಿನ್. ಕಳೆದರೆ ಬಂಧಿತದ ಲೆಕ್ಕ. ಒಂದು ಎಚ್ಚರ: ಮೂರನೆಯ ಗುಳಿಗೆ ಹಾಕಿದ ನಳಿಗೆಯನ್ನು ಸರಿಯಾಗಿ ತೊಳೆಯದೆ ಮುಂದಿನ ಪರೀಕ್ಷೆಗೆ ಬಳಸಿದರೆ, ಅಂಟಿಕೊಂಡ ಒಂದಿಷ್ಟು ಅಯೊಡೈಡೇ ಸಾಕು, ಕ್ಲೋರಮೈನೂ ಮುಕ್ತ ಕ್ಲೋರಿನ್ನಿನ ವೇಷ ಹಾಕಿಕೊಂಡು ಬರುತ್ತದೆ.

ಎಷ್ಟಿರಬೇಕು? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ ಈಜುಕೊಳಕ್ಕೆ ಕನಿಷ್ಠ 1 ಪಿಪಿಎಂ, ಬಿಸಿನೀರಿನ ಸ್ಪಾಗೆ ಕನಿಷ್ಠ 3. ಒಂದು ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 1.4 ಮೀಟರ್ ಆಳದ ಮನೆಕೊಳದಲ್ಲಿ ಸುಮಾರು 45,000 ಲೀಟರ್ ನೀರು. ಅದನ್ನು 2 ಪಿಪಿಎಂ ಏರಿಸಲು 90 ಗ್ರಾಂ ಕ್ಲೋರಿನ್ ಸಾಕು. ಇಷ್ಟು ಸಣ್ಣ ಪ್ರಮಾಣವನ್ನು ಕಣ್ಣಂದಾಜಿನಲ್ಲಿ ಸುರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 1 ಪಿಪಿಎಂ ಕ್ಲೋರಿನ್ ಇ. ಕೋಲಿ ಬ್ಯಾಕ್ಟೀರಿಯಾವನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂಗೆ ಮಾತ್ರ ಹತ್ತು ದಿನ ಬೇಕು. ಹೊಟ್ಟೆ ಕೆಟ್ಟ ಮಗುವನ್ನು ಕೊಳಕ್ಕೆ ಇಳಿಸಬೇಡಿ ಎನ್ನುವುದು ಅದಕ್ಕೇ.

ಪಿಎಚ್ ನೋಡದೆ ಕ್ಲೋರಿನ್ ಅಳೆದರೆ ಅರ್ಧ ಕೆಲಸ. ನೀರಿನಲ್ಲಿ ಮುಕ್ತ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ: ಹೈಪೊಕ್ಲೋರಸ್ ಆಮ್ಲ ಮತ್ತು ಹೈಪೊಕ್ಲೋರೈಟ್. ಕೊಲ್ಲುವ ಶಕ್ತಿಯಲ್ಲಿ ಆಮ್ಲದ ಮುಂದೆ ಹೈಪೊಕ್ಲೋರೈಟ್ ಏನೂ ಅಲ್ಲ. ಪಿಎಚ್ 7.5ರ ಸುಮಾರಿನಲ್ಲಿ ಇವೆರಡೂ ಅರ್ಧರ್ಧ. 8ಕ್ಕೆ ಏರಿದರೆ ಆಮ್ಲ ಕಾಲು ಭಾಗದಷ್ಟಕ್ಕೆ ಇಳಿಯುತ್ತದೆ. ಗುಳಿಗೆಗೆ ಇದು ತಿಳಿಯದು, ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುತ್ತದೆ. ಪಿಎಚ್ ನೋಡಲು ಬಳಸುವ ಫೀನಾಲ್ ರೆಡ್‌ನದು ಇನ್ನೊಂದು ಚೇಷ್ಟೆ: ಕ್ಲೋರಿನ್ ಬಹಳ ಇದ್ದರೆ ಅದೇ ಬೇರೆ ಬಣ್ಣಕಾರಕವಾಗಿ ಮಾರ್ಪಟ್ಟು ನೇರಳೆಗೆ ತಿರುಗುತ್ತದೆ. ನೋಡಿದವರು ಪಿಎಚ್ ಏರಿದೆ ಎಂದು ಆಮ್ಲ ಹಾಕುತ್ತಾರೆ. ಹಾಗಾಗಿ ಕ್ಲೋರಿನ್ ಮೊದಲು, ಪಿಎಚ್ ಆಮೇಲೆ.

ಇಷ್ಟೂ ಹಳೆಯ ಪಾಠ. ನನಗೆ ನಿಜವಾಗಿ ತಕರಾರಿರುವುದು ‘ಮುಕ್ತ’ ಎಂದು ಕಿಟ್ ತೋರಿಸುವ ಅಂಕಿಯ ಮೇಲೆ. ಬಯಲಿನ ಕೊಳಕ್ಕೆ ಬಿಸಿಲೇ ಶತ್ರು. ಅತಿನೇರಳೆ ಕಿರಣ ಒಂದೆರಡು ಗಂಟೆಯಲ್ಲಿ ಕ್ಲೋರಿನ್ನಿನ ಬಹುಪಾಲನ್ನು ಒಡೆದು ಹಾಕುತ್ತದೆ. ಅದನ್ನು ತಡೆಯಲು ಸಯನೂರಿಕ್ ಆಮ್ಲ ಬಳಸುತ್ತಾರೆ. ಅದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದಿಟ್ಟುಕೊಂಡು, ನೀರಿನಲ್ಲಿರುವುದು ಖರ್ಚಾದಂತೆಲ್ಲ ಬಿಟ್ಟುಕೊಡುತ್ತದೆ. ತೇಲುವ ಡಬ್ಬಿಯಲ್ಲಿಡುವ ಟ್ರೈಕ್ಲೋರ್ ಬಿಲ್ಲೆಗಳಲ್ಲಿ ಕ್ಲೋರಿನ್ ಮತ್ತು ಸಯನೂರಿಕ್ ಆಮ್ಲ ಎರಡೂ ಒಂದೇ ಅಣುವಿನಲ್ಲಿವೆ. ಬಿಸಿಲಿಗೆ ರಕ್ಷಣೆ ಸಿಕ್ಕಿತು, ಸರಿ. ಆದರೆ ಸಯನೂರಿಕ್ ಆಮ್ಲ 50 ಪಿಪಿಎಂ ಇರುವ ನೀರಿನಲ್ಲಿ ಆ ಕ್ಷಣಕ್ಕೆ ನಿಜವಾಗಿ ಬಿಡಿಯಾಗಿರುವ ಹೈಪೊಕ್ಲೋರಸ್ ಆಮ್ಲ, ಕಿಟ್ ತೋರಿಸಿದ ಅಂಕಿಯಲ್ಲಿ ನೂರಕ್ಕೆ ಕೆಲವೇ ಪಾಲು. ಕಿಟ್‌ಗೆ ಇದು ಕಾಣುವುದಿಲ್ಲ, ಏಕೆಂದರೆ ಡಿಪಿಡಿ ಕ್ಲೋರಿನ್ನನ್ನು ಕಬಳಿಸುತ್ತಿದ್ದಂತೆ ಹಿಡಿದಿಟ್ಟದ್ದೂ ಬಿಡುಗಡೆಯಾಗಿ ಅದರ ಬಾಯಿಗೇ ಬೀಳುತ್ತದೆ. ಜೇಬಿನಲ್ಲಿರುವ ಹಣವನ್ನೂ ಬ್ಯಾಂಕಿನ ಠೇವಣಿಯನ್ನೂ ಕೂಡಿಸಿ ‘ಕೈಯಲ್ಲಿ ಇಷ್ಟಿದೆ’ ಎಂದ ಹಾಗೆ.

ಕ್ಲೋರಿನ್ ಖರ್ಚಾಗುತ್ತದೆ, ಸಯನೂರಿಕ್ ಆಮ್ಲ ಖರ್ಚಾಗುವುದಿಲ್ಲ. ಟ್ರೈಕ್ಲೋರ್‌ನಿಂದ 10 ಪಿಪಿಎಂ ಕ್ಲೋರಿನ್ ಸೇರಿಸಿದಾಗಲೆಲ್ಲ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲ ನೀರಿನಲ್ಲೇ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಖರ್ಚಿನ ಕೊಳದಲ್ಲಿ ತಿಂಗಳಿಗೆ 36, ಮೂರು ತಿಂಗಳಿಗೆ ನೂರರ ಗಡಿ ದಾಟಿತು. ಆಗ ಕಿಟ್ 2 ಪಿಪಿಎಂ ಎಂದು ಹೇಳುತ್ತಿರುವಾಗಲೇ ಗೋಡೆಗೆ ಪಾಚಿ ಹತ್ತುತ್ತದೆ. ಸಯನೂರಿಕ್ ಆಮ್ಲವನ್ನು ಅಳೆಯಲು ಬೇರೆಯದೇ ಪರೀಕ್ಷೆ ಬೇಕು: ಮೆಲಮೈನ್ ದ್ರಾವಣ ಬೆರೆಸಿದರೆ ನೀರು ಮಬ್ಬಾಗುತ್ತದೆ, ನಳಿಗೆಯ ತಳದ ಕಪ್ಪು ಚುಕ್ಕೆ ಮರೆಯಾಗುವವರೆಗೆ ಅದನ್ನು ಸುರಿದು ಎತ್ತರ ಓದಬೇಕು. ಕಡಿಮೆ ಮಾಡಲು ಮನೆಯಲ್ಲಿ ಮಾಡಬಹುದಾದದ್ದು ಒಂದೇ, ನೀರು ಹೊರಚೆಲ್ಲಿ ಹೊಸದು ತುಂಬುವುದು. 2024ರ ಮಾರ್ಚ್‌ನಲ್ಲಿ ಬರದ ಬಿಸಿಗೆ ಸಿಕ್ಕಿದ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಊರಿನಲ್ಲಿ ಅರ್ಧ ಕೊಳ ಚರಂಡಿಗೆ ಬಿಡುವುದಕ್ಕಿಂತ ಬಿಲ್ಲೆಯ ಜಾಗದಲ್ಲಿ ಆಗಾಗ ದ್ರವರೂಪದ ಸೋಡಿಯಂ ಹೈಪೊಕ್ಲೋರೈಟ್ ಬಳಸುವುದೇ ಜಾಣತನ. ‘ನಮ್ಮದು ಉಪ್ಪಿನ ಕೊಳ, ಕ್ಲೋರಿನ್ ಇಲ್ಲ’ ಎನ್ನುವವರಿಗೆ ಒಂದು ಮಾತು: ಆ ಯಂತ್ರ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ತಯಾರಿಸುವುದೂ ಕ್ಲೋರಿನ್ನನ್ನೇ. ಅಲ್ಲೂ ಇದೇ ಗುಳಿಗೆ.

ಪರೀಕ್ಷೆ ಕೆಡುವುದು ಬಹಳ ಸಲ ಕೈತಪ್ಪಿನಿಂದ. ನೀರನ್ನು ಮೇಲ್ಮೈಯಿಂದ ಬಳಿಯಬಾರದು. ಮೊಣಕೈ ಮುಳುಗುವಷ್ಟು ಆಳದಿಂದ, ನೀರು ಮರಳಿ ಬರುವ ತೂತಿನಿಂದ ದೂರದಲ್ಲಿ ತುಂಬಬೇಕು. ಗುಳಿಗೆಯನ್ನು ಬೆರಳಿನಿಂದ ಮುಟ್ಟದೆ ಹಾಳೆಯಿಂದ ನೇರ ನಳಿಗೆಗೆ ಬೀಳಿಸಬೇಕು. ಹಗಲಿನ ಬೆಳಕಿನಲ್ಲಿ, ಆದರೆ ನೇರ ಬಿಸಿಲಿಗೆ ಹಿಡಿಯದೆ, ಒಂದು ನಿಮಿಷದೊಳಗೆ ಓದಬೇಕು; ತಡವಾದರೆ ಕ್ಲೋರಮೈನೂ ಮೆಲ್ಲಗೆ ಬಣ್ಣ ಸೇರಿಸುತ್ತದೆ. ಅದ್ದಿ ತೆಗೆಯುವ ಕಾಗದದ ಪಟ್ಟಿಗಳು ಅನುಕೂಲವೇನೋ ಹೌದು, ಆದರೆ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯಲ್ಲಿ ಅವು ಕೆಡಲು ಮಡಿಕೇರಿಯ ಒಂದು ಮಳೆಗಾಲ ಸಾಕು. ಬಣ್ಣಗಳ ಛಾಯೆ ಗುರುತಿಸುವುದು ಕಷ್ಟವಾದವರಿಗೆ ಹನಿ ಎಣಿಸುವ ಕಿಟ್ ಇದೆ. ಅದರಲ್ಲಿ ಡಿಪಿಡಿ ಪುಡಿಯಿಂದ ನೀರನ್ನು ಗುಲಾಬಿ ಮಾಡಿ, ಫೆರಸ್ ಅಮೋನಿಯಂ ಸಲ್ಫೇಟಿನ ಹನಿಗಳನ್ನು ಬಣ್ಣ ಪೂರ್ತಿ ಹೋಗುವವರೆಗೆ ಹಾಕುತ್ತ ಹೋಗಬೇಕು. ಹತ್ತು ಮಿಲಿಲೀಟರ್ ನೀರಿಗೆ ಒಂದು ಹನಿ ಎಂದರೆ 0.5 ಪಿಪಿಎಂ. ಕ್ಲೋರಿನ್ ವಿಪರೀತ ಇದ್ದಾಗಲೂ ಇನ್ನೊಂದು ಚಮಚೆ ಪುಡಿ ಹಾಕಿದರೆ ಬಣ್ಣ ಮರಳುತ್ತದೆ, ಲೆಕ್ಕ ತಪ್ಪುವುದಿಲ್ಲ. ನನ್ನ ಮತ ಇದಕ್ಕೇ.

ಕೊನೆಗೆ ಸ್ಪಾ. ಚಿಕ್ಕಮಗಳೂರು, ಕೊಡಗಿನ ವಿಲ್ಲಾಗಳಲ್ಲಿ ಈಗ ಮೂಲೆಗೊಂದು ಜಕೂಜಿ. 1,500 ಲೀಟರಿನ ತೊಟ್ಟಿಗೆ ನಾಲ್ವರು ಇಳಿದರೆ, ಮೇಲೆ ಹೇಳಿದ ಮನೆಕೊಳಕ್ಕೆ 120 ಜನ ಇಳಿದ ಲೆಕ್ಕ. ಬಿಸಿ ಮತ್ತು ಗುಳ್ಳೆಗಳು ಕ್ಲೋರಿನ್ನನ್ನು ಬೇಗ ಓಡಿಸುತ್ತವೆ. 37ರಿಂದ 40 ಡಿಗ್ರಿಯ ನೀರು ಸೂಡೊಮೊನಾಸ್‌ಗೂ ಲೀಜಿಯನೆಲ್ಲಾಗೂ ಹಿತ. ಲೀಜಿಯನೆಲ್ಲಾ ಹರಡಲು ನೀರಿಗೆ ಇಳಿಯಲೇಬೇಕೆಂದಿಲ್ಲ, ಗುಳ್ಳೆ ಒಡೆದು ಏಳುವ ತುಂತುರನ್ನು ಉಸಿರಾಡಿದರೆ ಸಾಕು. 1999ರ ಫೆಬ್ರುವರಿಯಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಹೂವಿನ ಪ್ರದರ್ಶನದಲ್ಲಿ, ಮಾರಾಟಕ್ಕೆಂದು ಗುಳ್ಳೆ ಎಬ್ಬಿಸಿಟ್ಟಿದ್ದ ಸ್ಪಾ ತೊಟ್ಟಿಯಿಂದ ಹೀಗೇ ರೋಗ ಹಬ್ಬಿ 30ಕ್ಕೂ ಹೆಚ್ಚು ಮಂದಿ ಸತ್ತರು. ಸ್ಪಾಗೆ ಸಯನೂರಿಕ್ ಆಮ್ಲ ಬೇಡ ಎನ್ನುವುದು, ಬೆಳಗಿನ ಒಂದು ಪರೀಕ್ಷೆ ಸಾಲದು ಎನ್ನುವುದು ಈ ಕಾರಣಕ್ಕೆ. ತಂಗುಮನೆಗೆ ಹೋದವರು ಇಳಿಯುವ ಮುನ್ನ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಬಹುದು. 3 ಪಿಪಿಎಂ ಕಾಣದಿದ್ದರೆ ಬಕೆಟ್ ಸ್ನಾನಕ್ಕೆ ಬಿಸಿನೀರು ಇದ್ದೇ ಇರುತ್ತದೆ.